ಮನೆ ನಂಬರ್ ಸೊನ್ನೆಯಿಂದ ಆರು ಸಾವಿರದ ನಾನೂರಕ್ಕೆ

ಗ್ಲೆಂಡೇಲ್ ಹೈಟ್ಸ್

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಅಲ್ಲಿನ ರಸ್ತೆಗಳನ್ನು ಹೊಗಳುತ್ತಾರೆ. ನಾನೂ ಹೊಗಳುತ್ತೇನೆ. ಆದರೆ ಅವರು ಕಾರಿನ ಕಿಟಕಿಯಿಂದ ನೋಡಿ ಹೊಗಳುವವರು, ನಾನು ನಡೆದು ಹೊಗಳುವವಳು. ಆ ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು.

ನಾನು ಮೈಸೂರಿನಲ್ಲಿ ಕರೆಂಟ್ ಆಫೀಸಿನ ಮೀಟರ್ ರೀಡರ್. ಅಪ್ಪ ಲೈನ್‌ಮನ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ ಇದು. ಇಪ್ಪತ್ತೆರಡು ವರ್ಷ ಅಗ್ರಹಾರ, ನಜರ್‌ಬಾದ್, ಕೆ.ಆರ್. ಮೊಹಲ್ಲಾಗಳ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ನನ್ನ ಜೊತೆಯವರಲ್ಲಿ ಕೆಲವರು ಹೋಟೆಲಿನಲ್ಲಿ ಕೂತು, ಕಾಫಿ ಕುಡಿಯುತ್ತಾ, ಹೋದ ತಿಂಗಳ ಅಂಕಿಗೆ ಅಂದಾಜಿನಲ್ಲಿ ಇಷ್ಟು ಸೇರಿಸಿ ಬರೆದುಬಿಡುತ್ತಿದ್ದರು. ನಾನು ಒಂದು ದಿನವೂ ಹಾಗೆ ಮಾಡಿದವಳಲ್ಲ. ಮೀಟರಿನ ಮುಂದೆ ನಿಲ್ಲದೆ ಅಂಕಿ ಬರೆದಿಲ್ಲ.

ತಂಗಿ ವನಜಳ ಎರಡನೇ ಬಾಣಂತನಕ್ಕೆಂದು ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ಗೆ ಬಂದಿಳಿದೆ. ಸಂಬಳವಿಲ್ಲದ ರಜೆ. ಜುಲೈ ಮುಗಿಯುವುದರೊಳಗೆ ಹಾಜರಾಗದಿದ್ದರೆ ಕೆಲಸ ಹೋಗುತ್ತದೆ ಎಂದು ಆಫೀಸಿನಲ್ಲಿ ಬರೆದುಕೊಟ್ಟೇ ಕಳಿಸಿದ್ದರು.

ಹಿಮ ಕರಗಿದ ಮೊದಲ ವಾರವೇ ನಾನು ಸ್ವೆಟರ್ ಹಾಕಿಕೊಂಡು, ಸೀರೆಯ ಕೆಳಗೆ ಶೂ ಕಟ್ಟಿಕೊಂಡು ವಾಕಿಂಗ್ ಹೊರಟೆ. ಇಪ್ಪತ್ತು ನಿಮಿಷದೊಳಗೆ ಒಂದು ಪೊಲೀಸ್ ಕಾರು ಪಕ್ಕಕ್ಕೆ ಬಂದು ನಿಂತಿತು. ಎಲ್ಲಾ ಸರಿಯಾಗಿದೆಯೇ, ದಾರಿ ತಪ್ಪಿದೆಯೇ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಆ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ಮನೆಯವರೆಗೂ ಬಿಟ್ಟುಹೋದ. ಅಕ್ಕಪಕ್ಕದವರೆಲ್ಲ ಪರದೆ ಸರಿಸಿ ನೋಡಿದರು. ಅವತ್ತಿನಿಂದ ನಾನು ಒಬ್ಬಳೇ ಹೊರಗೆ ಹೋಗುವುದು ಬಂದ್. ಹಾಲು ಬೇಕೆಂದರೂ ಕಾರು, ಗುಡಿಗೆ ಹೋಗಬೇಕೆಂದರೂ ಕಾರು. ನನ್ನನ್ನು ಕೂರಿಸಿ, ಬೆಲ್ಟ್ ಬಿಗಿದು, ಇಳಿಸಬೇಕಾದ ಕಡೆ ಇಳಿಸುತ್ತಿದ್ದರು. ನಾನು ಪಾರ್ಸೆಲ್ ಆಗಿಹೋದೆ.

ವನಜಳ ಗಂಡ ಮಹದೇವ್ ಕೆಟ್ಟವರಲ್ಲ. ಕಂಪ್ಯೂಟರ್ ಕೆಲಸ, ಮಾತು ಮೆತ್ತಗೆ. ಆದರೆ ಎಲ್ಲರ ಪರವಾಗಿ ತಾವೇ ತೀರ್ಮಾನ ಮಾಡುವ ಅಭ್ಯಾಸ. ಜೂನ್ ತಿಂಗಳಲ್ಲಿ ಒಂದು ಶನಿವಾರ ಡೆವನ್ ರಸ್ತೆಗೆ ವಾರದ ಸಾಮಾನು ತರಲು ಹೋಗಿದ್ದೆವು. ಅದು ಶಿಕಾಗೋ ಊರೊಳಗಿನ ನಮ್ಮವರ ಅಂಗಡಿ ಬೀದಿ. ಅಲ್ಲಿ ರಾಣೆಬೆನ್ನೂರಿನ ಇಸ್ಮಾಯಿಲ್ ಅಂಕಲ್ ಅವರ ದಿನಸಿ ಅಂಗಡಿಯಲ್ಲಿ ತೊಗರಿಬೇಳೆ ಆರಿಸುತ್ತಾ ನಿಂತಾಗ ಮಹದೇವ್ ಸಹಜವಾಗಿ ಹೇಳಿದರು, "ಅತ್ತಿಗೆ, ನಿಮ್ ವೀಸಾ ಎಕ್ಸ್‌ಟೆನ್ಷನ್‌ಗೆ ಫಾರಂ ಫಿಲ್ ಮಾಡಿದೀನಿ. ಒಂದ್ ಸೈನ್ ಹಾಕಿದ್ರೆ ಮುಗೀತು. ವನಜಾ ಜುಲೈಯಿಂದ ಕೆಲಸಕ್ಕೆ ಹೋಗ್ಬೇಕಲ್ಲ."

ನನ್ನ ಪಾಸ್‌ಪೋರ್ಟ್ ಬಂದ ದಿನದಿಂದ ಅವರ ಫೈಲಿನಲ್ಲಿತ್ತು, ಜೋಪಾನಕ್ಕೆ ಅಂತ. ನಾನು ಕೆಲಸದ ಮಾತು ಎತ್ತಿದೆ. ಅವರು ನಕ್ಕರು. "ಬಿಡಿ ಅತ್ತಿಗೆ, ಅದೂ ಒಂದ್ ಕೆಲಸಾನಾ? ಮನೆಮನೆ ಸುತ್ತಿ ಮೀಟರ್ ಓದೋದು. ಈ ವಯಸ್ಸಲ್ಲಿ ಎಷ್ಟ್ ದಿನ ಅಂತ ನಡೀತೀರ?"

ನನಗೆ ಪಿತ್ತ ನೆತ್ತಿಗೇರಿತು. ಎಷ್ಟು ಬೇಕಾದರೂ ನಡೆಯುತ್ತೇನೆ, ಎಲ್ಲಿಂದ ನಡೆಯಬೇಕು ಹೇಳಿ ಎಂದೆ. ತಮಾಷೆಗೋ ಏನೋ, ಡೌನ್‌ಟೌನಿನಿಂದ ಈ ಅಂಗಡಿಗೆ ನಡೆದುಬನ್ನಿ ನೋಡೋಣ ಎಂದರು. ಸರಿ, ಮುಂದಿನ ಶನಿವಾರ ಸಂಜೆ ನಾಲ್ಕು ಗಂಟೆಯೊಳಗೆ ನಾನು ಇಲ್ಲಿದ್ದರೆ ನನ್ನ ಪಾಸ್‌ಪೋರ್ಟ್ ನನ್ನ ಕೈಗೆ, ಇಲ್ಲದಿದ್ದರೆ ನೀವು ಹೇಳಿದ ಕಡೆ ಸೈನ್ ಹಾಕುತ್ತೇನೆ ಎಂದೆ. ಬಸ್ಸು ಹತ್ತಿ ಬಂದರೆ ಗೊತ್ತಾಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾನು ಸುಳ್ಳು ಹೇಳುವವಳಲ್ಲ ಎಂಬುದನ್ನು ಮಹದೇವ್ ಕೂಡ ಒಪ್ಪುತ್ತಾರೆ.

ವನಜ ಮಗುವನ್ನು ಎದೆಗೊತ್ತಿಕೊಂಡು ಬೇಳೆಯ ಸಾಲಿನ ಕಡೆಗೆ ತಿರುಗಿದಳು. ಇಸ್ಮಾಯಿಲ್ ಅಂಕಲ್ ಮಾತ್ರ ಪೊಟ್ಟಣದ ಹಿಂದೆ ಪೆನ್ನಿನಿಂದ ಗೆರೆ ಎಳೆದು ದಾರಿ ತೋರಿಸಿದರು. "ಕ್ಲಾರ್ಕ್ ರಸ್ತಾ ಹಿಡದು ಹೊಂಟುಬಿಡ್ರಿ ಅಕ್ಕಾರ. ಮನಿ ನಂಬರ ನೋಡಕೋತ ಬರ್ರಿ. ಅರವತ್ನಾಕು ನೂರಕ್ಕ ಡೆವನ್ ಸಿಗತೈತಿ."

ಸೊನ್ನೆ

ಶನಿವಾರ ಬೆಳಿಗ್ಗೆ ಮಹದೇವ್ ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟರು. ವನಜ ಬಾಗಿಲಿಗೆ ಬರಲಿಲ್ಲ. ಒಳಗೆ ಏನೋ ಹುಡುಕುತ್ತಿದ್ದ ಸದ್ದು ಕೇಳಿತು. ನನ್ನ ಮೇಲೆ ಕೋಪ ಎಂದುಕೊಂಡೆ, ನನಗೂ ಅವಳ ಮೇಲೆ ಸ್ವಲ್ಪ ಇತ್ತು. ಅವಳ ದೊಡ್ಡ ಮಗಳು ಶ್ರುತಿ ತನ್ನ ಹಳೆಯ ನೇರಳೆ ಬಣ್ಣದ ಸ್ಕೂಲ್ ಬ್ಯಾಗು ಕೊಟ್ಟಿದ್ದಳು. ಅದರೊಳಗೆ ನಾಲ್ಕು ಚಪಾತಿ, ಚಟ್ನಿಪುಡಿ, ನೀರು, ಕೊಡೆ, ನೋಟ್‌ಬುಕ್ಕು, ಮತ್ತು ನನ್ನ ಟಾರ್ಚು. ಹಗಲು ಹೊತ್ತಿನಲ್ಲಿ ಟಾರ್ಚು ಯಾಕೆ ಎಂದು ಮಹದೇವ್ ನಕ್ಕರು. ಮೀಟರ್ ಓದುವವರ ಚೀಲದಲ್ಲಿ ಟಾರ್ಚು ಇರಲೇಬೇಕು, ಮೀಟರುಗಳೆಲ್ಲ ಕತ್ತಲ ಮೂಲೆಯಲ್ಲೇ ಇರುತ್ತವೆ ಎಂದು ನಾನು ಅವರಿಗೆ ವಿವರಿಸಲು ಹೋಗಲಿಲ್ಲ.

ಹತ್ತು ಗಂಟೆಗೆ ಡೌನ್‌ಟೌನಿನಲ್ಲಿ ಇಳಿದೆ. ಮ್ಯಾಡಿಸನ್ ಎಂಬ ರಸ್ತೆಯಲ್ಲಿ ನದಿಯ ಸೇತುವೆ ದಾಟಿದರೆ ಸ್ವಲ್ಪ ದೂರಕ್ಕೆ ಕ್ಲಾರ್ಕ್ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಹೊರಟ ಹೊತ್ತು ಬರೆದೆ. ಬಾಗಿಲುಗಳ ಮೇಲೆ ಮನೆ ನಂಬರುಗಳು ಎಷ್ಟು ಸ್ಪಷ್ಟ, ಎಷ್ಟು ಶಿಸ್ತು ಎಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಕಡೆ ಹನ್ನೆರಡನೇ ನಂಬರಿನ ಪಕ್ಕ ಮುನ್ನೂರ ನಲವತ್ತೇಳು ಇರುತ್ತದೆ. ಅದರ ಪಕ್ಕದ ಮನೆಗೆ ಹಳೇ ನಂಬರು, ಹೊಸ ನಂಬರು ಎಂದು ಎರಡು. ಎರಡೂ ತಪ್ಪು. ಇಲ್ಲಿ ನೂರು, ನೂರ ಹತ್ತು, ಮುಂದಿನ ಗಲ್ಲಿಗೆ ಇನ್ನೂರು. ಇಂಥ ಊರಿನಲ್ಲಿ ಮೀಟರ್ ಓದುವವಳಿಗೆ ಅರ್ಧ ಕೆಲಸ ಉಳಿಯಿತು ಎಂದುಕೊಂಡು ಹಿಗ್ಗಿನಿಂದ ಹೆಜ್ಜೆ ಹಾಕಿದೆ. ಅಂಕಿ ಏರುತ್ತಾ ಹೋಯಿತು. ನಾನು ತಲೆ ಎತ್ತಿ ಬೇರೇನನ್ನೂ ನೋಡಲಿಲ್ಲ.

ಒಂದು ಸಾವಿರದ ಇನ್ನೂರು, ಆದರೆ ದಕ್ಷಿಣ

ಕಟ್ಟಡಗಳು ಕಡಿಮೆಯಾದವು. ಪಕ್ಕದಲ್ಲಿ ಹುಲ್ಲು ಬೆಳೆದ ರೈಲು ಹಳಿಗಳ ಬಯಲು ಬಂತು. ಒಂದು ಸಾವಿರದ ಇನ್ನೂರು ಎಂಬ ನಂಬರು ನೋಡಿದಾಗ, ಇಷ್ಟು ಬೇಗ ಇಷ್ಟು ದೂರ ಬಂದೆನೇ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಲ್ಲಿ ಒಬ್ಬಳು ಪೋಸ್ಟ್‌ಮನ್ ಸಿಕ್ಕಳು. ಹೆಂಗಸಾದರೂ ಪೋಸ್ಟ್‌ಮನ್ನೇ ಅನ್ನುತ್ತೇನೆ. ನನ್ನನ್ನೂ ಮೈಸೂರಿನಲ್ಲಿ ಲೈಟ್‌ಮ್ಯಾನ್ ಬಂದ ಎಂದೇ ಕೂಗುತ್ತಾರೆ. ನನ್ನದೇ ವಯಸ್ಸಿನ ದಪ್ಪನೆಯ ಕಪ್ಪು ಹೆಂಗಸು, ಯೂನಿಫಾರಮ್ಮಿನ ಚಡ್ಡಿ, ಕಾಗದ ತುಂಬಿದ ಮೂರು ಚಕ್ರದ ಗಾಡಿ ತಳ್ಳುತ್ತಿದ್ದಳು. ಹೆಸರು ಗ್ಲೋರಿಯಾ. ಡೆವನ್ ಇನ್ನು ಎಷ್ಟು ದೂರ ಎಂದು ಕೇಳಿದೆ. ಅವಳು ಗಾಡಿ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಭುಜ ಹಿಡಿದು, ಬಂದ ದಾರಿಯ ಕಡೆಗೆ ನನ್ನನ್ನು ತಿರುಗಿಸಿದಳು.

ಈ ಊರಿನಲ್ಲಿ ಮ್ಯಾಡಿಸನ್ ರಸ್ತೆಯೇ ಸೊನ್ನೆ ಎಂದು ಹೇಳಿಕೊಟ್ಟಳು. ಅಲ್ಲಿಂದ ಉತ್ತರಕ್ಕೆ ಹೋದರೂ ನಂಬರು ಏರುತ್ತದೆ, ದಕ್ಷಿಣಕ್ಕೆ ಹೋದರೂ ಏರುತ್ತದೆ. ಡೆವನ್ ಉತ್ತರಕ್ಕೆ, ಎಂಟು ನೂರು ನಂಬರಿಗೆ ಒಂದು ಮೈಲಿಯಂತೆ ಎಂಟು ಮೈಲಿ. ನಾನು ಒಂದು ಮೈಲಿಗೂ ಹೆಚ್ಚು ಉಲ್ಟಾ ನಡೆದಿದ್ದೆ. ರಸ್ತೆಯ ಹೆಸರಿನ ಫಲಕದಲ್ಲಿ ದಿಕ್ಕು ಬರೆದೇ ಇತ್ತು. ಸೂರ್ಯನನ್ನು ನೋಡಿದ್ದರೂ ಸಾಕಿತ್ತು. ಹಳ್ಳಿಯ ಹುಡುಗಿಯಾದರೂ ದಿಕ್ಕು ನೋಡಿ ಹೊರಡುತ್ತಾಳೆ. ನಾನು ಅಂಕಿ ಏರುವುದೊಂದನ್ನೇ ನೋಡುತ್ತಾ ಬಂದಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿದ ಯಾವ ಮೀಟರೂ ಹಿಂದಕ್ಕೆ ಓಡಿದ್ದಿಲ್ಲ. ಅಂಕಿ ಏರಿದರೆ ಎಲ್ಲ ಸರಿಯಾಗಿದೆ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಏನು ಕೆಲಸ ನಿನ್ನದು ಎಂದು ಗ್ಲೋರಿಯಾ ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು. ಬಗ್ಗಿ ತನ್ನ ಮೀನಖಂಡದ ಮೇಲಿನ ಗಾಯದ ಗುರುತು ತೋರಿಸಿದಳು, ನಾಯಿ. ನಾನು ಸೀರೆಯ ಅಂಚು ನಾಲ್ಕು ಬೆರಳು ಎತ್ತಿ ನನ್ನದನ್ನು ತೋರಿಸಿದೆ, ಅದೂ ನಾಯಿ. ನಡುರಸ್ತೆಯಲ್ಲಿ ಇಬ್ಬರೂ ಕಾಲು ತೋರಿಸಿಕೊಂಡು ನಕ್ಕೆವು. ಐದು ತಿಂಗಳಲ್ಲಿ ಆ ದೇಶದಲ್ಲಿ ನನ್ನ ಕೆಲಸವನ್ನು ಕೆಲಸ ಎಂದು ಲೆಕ್ಕಕ್ಕೆ ಇಟ್ಟವಳು ಅವಳೊಬ್ಬಳೇ. ಬಸ್ ಸ್ಟಾಪು ತೋರಿಸಲು ಹೋದಳು. ನಡೆದೇ ಹೋಗಬೇಕು ಎಂದೆ. ಯಾಕೆ ಎಂದು ಕೇಳದೆ, ಹಾಗಾದರೆ ಬೇಗ ಹೊರಡು ಎಂದಳು.

ಎರಡು ಸಾವಿರದ ಏಳುನೂರು ಉತ್ತರ

ಮತ್ತೆ ಸೊನ್ನೆಗೆ ಬಂದು ಮುಟ್ಟುವಾಗ ಹನ್ನೊಂದು ಕಾಲು. ಅಲ್ಲಿಂದ ನಾನು ನಡೆದ ವೇಗ ನಮ್ಮ ಸೆಕ್ಷನ್ ಆಫೀಸರು ನೋಡಿದ್ದರೆ ಬೆರಗಾಗುತ್ತಿದ್ದರು. ನದಿ ದಾಟಿದೆ. ಒಂದು ದೊಡ್ಡ ಪಾರ್ಕಿನ ಅಂಚಿನಲ್ಲಿ ಚಡ್ಡಿ ಹಾಕಿಕೊಂಡು ಓಡುವವರನ್ನು ಕಂಡೆ. ಇವರು ಕಾರಿನಲ್ಲಿ ಬಂದು, ಕಾರು ನಿಲ್ಲಿಸಿ, ಇಳಿದು ಓಡಿ, ಮತ್ತೆ ಕಾರಿನಲ್ಲಿ ಮನೆಗೆ ಹೋಗುತ್ತಾರೆ. ಇವರನ್ನು ಯಾವ ಪೊಲೀಸೂ ನಿಲ್ಲಿಸಿ ಕೇಳುವುದಿಲ್ಲ. ಎಲ್ಲಿಗೂ ಹೋಗದೆ ಓಡಿದರೆ ಆರೋಗ್ಯ, ಎಲ್ಲಿಗಾದರೂ ಹೋಗಲು ನಡೆದರೆ ಅನುಮಾನ.

ಬಿಸಿಲು ಎಂಬತ್ತೈದು ಡಿಗ್ರಿ. ಅವರ ಲೆಕ್ಕದ ಎಂಬತ್ತೈದು, ಗಾಬರಿಯಾಗಬೇಡಿ. ಆದರೆ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಎರಡು ಸಾವಿರದ ಏಳುನೂರರ ಹತ್ತಿರ ಕುಂಟತೊಡಗಿದೆ. ನೆರಳಿಗೆಂದು ಮನೆಗಳ ಹಿಂದಿನ ಗಲ್ಲಿಗೆ ತಿರುಗಿ ಒಂದು ಮರದ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದೆ. ತಲೆ ಎತ್ತಿದರೆ ಎದುರಿಗೇ ಮೀಟರು. ದುಂಡನೆ ಗಾಜಿನೊಳಗೆ ತಟ್ಟೆ ತಿರುಗುತ್ತಿತ್ತು, ನಮ್ಮೂರಿನದೇ ತಟ್ಟೆ, ಅಂಚಿನಲ್ಲಿ ಅದೇ ಕಪ್ಪು ಗುರುತು. ಕುಂಟಿಕೊಂಡೇ ಹೋಗಿ ಅದರ ಮುಂದೆ ನಿಂತೆ.

ಬಾಗಿಲು ತೆರೆದು ಒಬ್ಬ ಮುದುಕ ಈಚೆ ಬಂದು ಏನು ಬೇಕು ಎಂದು ಗದರಿದ. ಬರಿಗಾಲಿನಲ್ಲಿ, ಸೀರೆಯುಟ್ಟು, ನೇರಳೆ ಬ್ಯಾಗು ಹೊತ್ತು ತನ್ನ ಹಿತ್ತಿಲಲ್ಲಿ ನಿಂತವಳನ್ನು ಅವನಾದರೂ ಇನ್ನೇನು ಕೇಳಬೇಕು? ನನ್ನ ಇಂಗ್ಲಿಷಿನಲ್ಲಿ ಇದು ನನ್ನ ಕೆಲಸ, ಬೇರೆ ಊರಿನಲ್ಲಿ ಎಂದೆ. ಅವನು, ಹಾಗಾದರೆ ನೆಲಮಾಳಿಗೆಯ ಮೆಟ್ಟಿಲ ಕೆಳಗಿನ ಇನ್ನೊಂದು ಮೀಟರನ್ನೂ ಓದಿಕೊಡು ಎಂದ. ಬಗ್ಗಲು ಆಗುವುದಿಲ್ಲವಂತೆ. ಕಂಪನಿಯವರು ಬಂದಾಗ ಬಾಗಿಲು ತೆಗೆಯುವುದು ತಡವಾದರೆ ಅಂದಾಜಿನ ಬಿಲ್ಲು ಕಳಿಸುತ್ತಾರಂತೆ, ಮೂರು ತಿಂಗಳಿಂದ ಹಾಗೇ ಆಗಿದೆಯಂತೆ. ನಾನು ಟಾರ್ಚು ತೆಗೆದೆ. ಮಹದೇವ್ ಅಲ್ಲಿರಬೇಕಿತ್ತು.

ನಾಲ್ಕು ಮುಳ್ಳಿನ ಮೀಟರು. ಒಂದು ಮುಳ್ಳು ಬಲಕ್ಕೆ ತಿರುಗಿದರೆ ಪಕ್ಕದ್ದು ಎಡಕ್ಕೆ. ಮುಳ್ಳು ಎರಡು ಅಂಕಿಗಳ ನಡುವೆ ನಿಂತಿದ್ದರೆ ಚಿಕ್ಕದನ್ನು ಬರೆಯಬೇಕು. ಓದಿ, ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ತಾರೀಕು ಹಾಕಿಕೊಟ್ಟೆ. ಅವನು ಒಳಗಿನಿಂದ ಅರ್ಧ ಲೋಟ ಐಸು, ಅರ್ಧ ಲೋಟ ನೀರು, ಹಿಮ್ಮಡಿಗೆ ಅಂಟುಪಟ್ಟಿ ತಂದ. ನಾನು ಚಪಾತಿ ಕೊಟ್ಟೆ. ಚಟ್ನಿಪುಡಿ ತಿಂದು ಅವನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನಷ್ಟು ಕೇಳಿದ. ನಾನು ಎಲ್ಲಿಗೆ ಹೋಗುವುದು, ಯಾಕೆ ಎಂಬುದನ್ನೆಲ್ಲ ಕೇಳಿಕೊಂಡು, ತನ್ನ ಕಾರಿದೆ, ಹದಿನೈದು ನಿಮಿಷಕ್ಕೆ ಡೆವನ್ನಿಗೆ ಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದ.

ಆಗ ಒಂದು ಗಂಟೆ ದಾಟಿತ್ತು. ಹಿಮ್ಮಡಿ ಉರಿಯುತ್ತಿತ್ತು. ಬೇಡ ಎನ್ನುವ ಮೊದಲು ನಾನು ಎರಡು ಗುಟುಕು ನೀರು ಕುಡಿದೆ, ಅಷ್ಟು ಹೊತ್ತು ನನಗೆ ಬೇಕಾಯಿತು. ಕಾರಿನಲ್ಲಿ ಹೋದರೆ ನನ್ನದೂ ಅಂದಾಜಿನ ರೀಡಿಂಗ್ ಆಗುತ್ತದೆ ಎಂದೆ. ಅವನಿಗೆ ಅರ್ಥವಾಯಿತು. ಗಲ್ಲಿಯ ತುದಿಯವರೆಗೂ ಬಂದು ಕಳಿಸಿಕೊಟ್ಟ.

ನಂಬರಿಲ್ಲದ ಅರ್ಧ ಮೈಲಿ

ಮೂರು ಸಾವಿರದ ಆರುನೂರರಲ್ಲಿ ಒಂದು ಬೇಸ್‌ಬಾಲ್ ಮೈದಾನ. ಆಟ ಶುರುವಾಗಿ ಹೋಗಿತ್ತು ಅಂತ ಕಾಣುತ್ತದೆ, ಒಳಗಿನಿಂದ ಸಾವಿರಾರು ಜನರ ಕೂಗು. ತಡವಾಗಿ ಬಂದ ನೀಲಿ ಅಂಗಿಯ ಹುಡುಗರು ಎದುರಿನಿಂದ ಓಡಿಬರುತ್ತಾ, ಕೈ ಎತ್ತಿದ ನನ್ನ ಅಂಗೈಗೆ ಒಬ್ಬೊಬ್ಬರೇ ಚಪ್ಪಾಳೆ ತಟ್ಟಿ ಹೋದರು. ನಾನು ಕೈ ಎತ್ತಿದ್ದು ದಾರಿ ಬಿಡಿ ಎನ್ನಲು.

ಅದನ್ನು ದಾಟಿದ ಮೇಲೆ ಸ್ಮಶಾನದ ಗೋಡೆ ಶುರುವಾಯಿತು. ಅರ್ಧ ಮೈಲಿ ಉದ್ದದ ಗೋಡೆ, ಒಂದು ಬಾಗಿಲಿಲ್ಲ, ಒಂದು ನಂಬರಿಲ್ಲ. ನಂಬರಿಲ್ಲದ ರಸ್ತೆಯಲ್ಲಿ ನನಗೆ ಎಷ್ಟು ದೂರ ಬಂದೆ ಎಂಬುದೇ ತಿಳಿಯದಾಯಿತು. ಕಾಲಿನ ನೋವು ಆಗ ಚೆನ್ನಾಗಿ ಗೊತ್ತಾಯಿತು. ಜೊತೆಗೆ ವನಜಳ ಮುಖವೂ ಕಣ್ಣ ಮುಂದೆ ಬಂತು. ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ. ಜಡೆ ಹಾಕಿದವಳು, ಫೀಸು ಕಟ್ಟಿದವಳು, ಮದುವೆ ಮಾಡಿದವಳು ನಾನು. ಈಗ ನಾಲ್ಕು ತಿಂಗಳ ಮಗುವನ್ನು ಯಾರದೋ ಕೈಗೆ ಕೊಟ್ಟು ಅವಳು ಕೆಲಸಕ್ಕೆ ಹೋಗಬೇಕು. ಅವಳು ನನ್ನನ್ನು ಒಂದು ಸಲವೂ ಇರು ಎಂದು ಕೇಳಿರಲಿಲ್ಲ. ಕೇಳಿದ್ದರೆ ನಾನು ಇರುತ್ತಿದ್ದೆನೇನೋ. ಅದಕ್ಕೇ ಕೇಳಲಿಲ್ಲವೇನೋ.

ಆದರೆ ನನಗೂ ಒಂದು ಬದುಕು ಇದೆ ಎಂಬುದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ನನ್ನ ಬೀದಿಗಳಿಗೆ ಇಳಿದರೆ ಅಲ್ಲಿ ನಾನು ಯಾರ ಅಕ್ಕನೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಗೋಡೆ ಮುಗಿದು ಮತ್ತೆ ನಂಬರು ಕಂಡಾಗ ನಾಲ್ಕು ಸಾವಿರದ ನಾನೂರು ದಾಟಿತ್ತು.

ಆರು ಸಾವಿರದ ನಾನೂರು

ಮೂರು ಗಂಟೆ ಹತ್ತು ನಿಮಿಷಕ್ಕೆ ಡೆವನ್ ಎಂಬ ಫಲಕದ ಕೆಳಗೆ ನಿಂತೆ. ಗೆದ್ದೆ ಎಂದುಕೊಂಡು ಸುತ್ತ ನೋಡಿದರೆ ಒಂದು ಸೀರೆ ಅಂಗಡಿ ಇಲ್ಲ, ಒಂದು ಮಿಠಾಯಿ ಅಂಗಡಿ ಇಲ್ಲ. ಬೆಳಿಗ್ಗೆಯ ಪಾಠ ನೆನಪಾಗಿ ಈ ಸಲ ದಿಕ್ಕು ನೋಡಿದೆ. ಇಸ್ಮಾಯಿಲ್ ಅಂಕಲ್ ಗೆರೆ ಎಳೆದುಕೊಟ್ಟಿದ್ದ ಪೊಟ್ಟಣದ ಮೇಲೆ ಅಂಗಡಿಯ ವಿಳಾಸ ಎರಡೂವರೆ ಸಾವಿರದ ಚಿಲ್ಲರೆ, ಪಶ್ಚಿಮ. ಈ ಅಡ್ಡರಸ್ತೆಯ ನಂಬರಿನ ಲೆಕ್ಕವೇ ಬೇರೆ, ನಾನು ನಿಂತದ್ದು ಪಶ್ಚಿಮ ಒಂದು ಸಾವಿರದ ಆರುನೂರರಲ್ಲಿ. ಇನ್ನೂ ಒಂದು ಮೈಲಿಯ ಮೇಲೆ. ಸೂರ್ಯನನ್ನು ಮುಖಕ್ಕೆ ಇಟ್ಟುಕೊಂಡು, ಬಲಗಾಲಿನ ಮೇಲೆ ಭಾರ ಹಾಕಿ ಹೊರಟೆ.

ಅಂಗಡಿಯ ಗಂಟೆ ಬಾರಿಸಿಕೊಂಡು ಒಳಗೆ ಹೋದಾಗ ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಬಾಕಿ. ಇಸ್ಮಾಯಿಲ್ ಅಂಕಲ್ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಅಕ್ಕಿಮೂಟೆಯ ಮೇಲೆ ನನ್ನನ್ನು ಕೂರಿಸಿದರು. ಮಹದೇವ್ ಬೆಂಡೆಕಾಯಿ ಆರಿಸುತ್ತಿದ್ದವರು ತಿರುಗಿ ನೋಡಿ ನಿಜವಾಗಿಯೂ ಬೆಚ್ಚಿದರು. ಪೂರ್ತಿ ನಡೆದೇ ಬಂದಿರಾ ಎಂದು ಕೇಳಿದರು. ಒಂದು ಮೈಲಿ ಉಲ್ಟಾ ಹೋಗಿದ್ದನ್ನೂ ಸೇರಿಸಿ ಹೇಳಿದೆ. ಆಮೇಲೆ ಕೈ ಚಾಚಿದೆ.

ಅವರು ನಕ್ಕರು. "ತಮಾಷೆಗೆ ಹೇಳಿದ್ದಲ್ವಾ ಅತ್ತಿಗೆ. ಪಾಸ್‌ಪೋರ್ಟು ಮನೇಲೇ ಇದೆ, ಫೈಲಲ್ಲಿ. ಸೋಮವಾರ ಕೂತ್ಕೊಂಡು ಮಾತಾಡೋಣ."

ಅವರು ಅದನ್ನು ತಂದೇ ಇರಲಿಲ್ಲ. ನಾನು ಬರುತ್ತೇನೆಂದು ಅವರಿಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಅಷ್ಟು ದೂರ ನಡೆದಾಗ ಆಗದ ಸುಸ್ತು ನನಗೆ ಆಗ ಆಯಿತು.

ಇಸ್ಮಾಯಿಲ್ ಅಂಕಲ್ ತಕ್ಕಡಿಯ ಮೇಲೆ ಕೈಯೂರಿ, ಸಾವಕಾಶವಾಗಿ ಹೇಳಿದರು. "ಮಹದೇವ್ ಸಾಹೇಬ್ರ, ಮಾತು ಆಡಿದ್ದು ನನ್ನ ಅಂಗಡ್ಯಾಗ್ರಿ. ನಾ ನನ್ನ ಕಿವೀಲೆ ಕೇಳೀನಿ."

ಮಹದೇವ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವನಜ, "ಮನೇಲಿಲ್ಲ ರೀ," ಎಂದಳು.

ಹೆಗಲಿಗೆ ಹಾಕಿಕೊಂಡಿದ್ದ ಮಗುವಿನ ಚೀಲದ ಜಿಪ್ ಎಳೆದಳು. ಡೈಪರುಗಳ ಅಡಿಯಿಂದ ನನ್ನ ಪಾಸ್‌ಪೋರ್ಟು ತೆಗೆದಳು. ನೀಲಿ ರಟ್ಟಿನ ಮೇಲೆಲ್ಲ ಬೇಬಿ ಪೌಡರ್ ಅಂಟಿತ್ತು. ಬೆಳಿಗ್ಗೆ ಒಳಗೆ ಅವಳು ಹುಡುಕುತ್ತಿದ್ದುದು ಏನು ಎಂದು ಆಗ ಗೊತ್ತಾಯಿತು.

"ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತಕ್ಕ," ಎಂದಳು. "ಬರದೇ ಇರ್ಲಪ್ಪ ಅಂತ ಬೆಳಿಗ್ಗೆಯಿಂದ ಬೇಡ್ಕೋತಾನೇ ಇದ್ದೆ. ಆದ್ರೂ ತಂದೆ."

ಇನ್ನು ಮೂರು ತಿಂಗಳು ಇದ್ದುಬಿಡಲೇ ಎಂದು ನನಗೆ ಆ ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಇಡೀ ದಿನದ ದಾರಿಯಲ್ಲಿ ನನಗೆ ಬಹಳ ಕಷ್ಟವಾದದ್ದು ಆ ಅಕ್ಕಿಮೂಟೆಯ ಮೇಲೆ ಕೂತ ಒಂದು ನಿಮಿಷ. ಕಣ್ಣು ಒರೆಸಿಕೊಂಡೆ. ಪಾಸ್‌ಪೋರ್ಟನ್ನು ಬ್ಯಾಗಿನಲ್ಲಿ ಟಾರ್ಚಿನ ಪಕ್ಕ ಇಟ್ಟು ಜಿಪ್ ಎಳೆದೆ. ಆಮೇಲೆ ಅವಳ ಕೈಯಿಂದ ಮಗುವನ್ನು ಇಸಿದುಕೊಂಡೆ. ಕಾರು ಎರಡು ಗಲ್ಲಿ ಆಚೆ ನಿಲ್ಲಿಸಿದೆ, ಇಲ್ಲಿಗೇ ತರುತ್ತೇನೆ, ಕೂತಿರಿ ಎಂದರು ಮಹದೇವ್. ಬೇಡ ಎಂದೆ. ಮಗುವನ್ನು ಎತ್ತಿಕೊಂಡು, ಕುಂಟುತ್ತಾ, ಅಲ್ಲಿಯವರೆಗೂ ನಡೆದೆ.